ಮಲಗಲೆಂದು ಹೊಲಿದ ಪೈಜಾಮ

ಕನಕಪುರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬ್ಲೌಸು, ಫಾಲು, ಜಿಗ್‌ಜಾಗ್‌ಗಳ ನಡುವೆ ಬೆಂಗಳೂರಿನ ಡಿಸೈನರ್ ಒಬ್ಬಳಿಗೆ ಸ್ಯಾಂಪಲ್ ಹೊಲಿದುಕೊಡುತ್ತೇನೆ. ಕಳೆದ ಬೇಸಿಗೆಯಲ್ಲಿ ಅವಳು ಹಳೆಯ ಪೋಸ್ಟರುಗಳ ಚಿತ್ರ ತಂದಳು. ಎರಡು ಮಹಾಯುದ್ಧಗಳ ನಡುವೆ ಯುರೋಪಿನ ಜನ ರೈಲು ಹತ್ತಿ ಸಮುದ್ರತೀರಕ್ಕೆ ಹೋಗಿ ಸುಮ್ಮನೆ ಬಿಸಿಲಲ್ಲಿ ಬಿದ್ದುಕೊಳ್ಳುತ್ತಿದ್ದರಂತೆ. ಕಲಾವಿದರು ಅದನ್ನೇ ಚಿತ್ರಿಸಿದರಂತೆ. ನೀಲಿ-ಬಿಳಿ ಪಟ್ಟೆ, ಅಗಲ ಟೋಪಿ, ಲಂಗದಷ್ಟು ದೊಗಳೆ ಪೈಜಾಮ. ಈ ಸಲದ ಫ್ಯಾಷನ್ ಅಲ್ಲಿಂದಲೇ ಎಂದಳು. ರಾಮನಗರದ ರೇಷ್ಮೆಯಲ್ಲಿ ಆ ಪೈಜಾಮ ಹೊಲಿಯುವುದು ನನ್ನ ಪಾಲಿಗೆ ಬಂತು.

ಒಂದು ಚಿತ್ರವನ್ನು ಮೆಷೀನಿನ ಮೇಲಿನ ಗೋಡೆಗೆ ಅಂಟಿಸಿಕೊಂಡೆ. ಮಟಮಟ ಮಧ್ಯಾಹ್ನ ಒಬ್ಬ ಹೆಂಗಸು ತಲೆಯಡಿ ಕೈಯಿಟ್ಟು ಮರಳ ಮೇಲೆ ಮಲಗಿದ್ದಾಳೆ. ಅವಳನ್ನು ಕೂಗುವವರೇ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಆಗ ನನ್ನ ಅಕ್ಕನಿಗೆ ಗರ್ಭಕೋಶ ತೆಗೆದಿದ್ದರು. ಬಗ್ಗಬೇಡ, ಭಾರ ಎತ್ತಬೇಡ, ಮಲಗಿರು ಎಂದಿದ್ದರು ಡಾಕ್ಟರು. ಯಾರಿಗೆ ಹೇಳುವುದು? ಹೆಣ್ಣು ಹಗಲು ಮಲಗಿದರೆ ಮನೆಗೆ ಶನಿ ಎಂದು ನಮ್ಮವ್ವ ಮುದ್ದೆಯ ಜೊತೆಗೇ ನುಂಗಿಸಿದ್ದಳು. ಸಾತನೂರಿನ ಹತ್ತಿರದ ಅವಳ ಗಂಡನ ಮನೆಯ ಅಂಗಳದಲ್ಲಿ ಚಪ್ಪಲಿ ಸದ್ದಾದರೆ ಸಾಕು, ಅಕ್ಕ ಎದ್ದು ಪೊರಕೆ ಹಿಡಿಯುತ್ತಿದ್ದಳು.

ಉಳಿದ ಬಟ್ಟೆಯಲ್ಲಿ ಅವಳಿಗೊಂದು ಪೈಜಾಮ ಹೊಲಿದುಕೊಂಡು ಹೋದೆ. ಫೋನಿನಲ್ಲಿ ಆ ಚಿತ್ರ ತೋರಿಸಿದೆ.

“ಯಾರೇ ಇವ್ಳು? ಮನೆ ಮಠ ಇಲ್ವಾ?” ಎಂದಳು ಅಕ್ಕ.

“ಫ್ಯಾಷನ್ ಕಣಕ್ಕ. ಇದ್ನ ಹಾಕ್ಕಂಡ್ರೆ ಮಲಗ್ಲೇಬೇಕು. ಇನ್ಯಾವ ಕೆಲ್ಸಕ್ಕೂ ಬರಕಿಲ್ಲ.”

ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಕಿಕೊಂಡು ನೋಡಿ, “ಒಸಿನೂ ಬಿಗಿ ಇಲ್ಲ ಕಣೇ, ಹಾಯಾಗೈತೆ” ಎಂದಳು. ಗೆದ್ದೆನೆಂದುಕೊಂಡು ನಾನು ಬಸ್ಸು ಹತ್ತಿದೆ.

ಆ ಹಾಯೇ ಮುಳುವಾಯಿತು. ಅವರ ಮನೆಯಲ್ಲಿ ಸಾಕಿದ್ದ ರೇಷ್ಮೆಹುಳು ಗೂಡು ಕಟ್ಟುವ ಮುಂಚಿನ ವಾರವದು, ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಅಲ್ಲಿಯವರೆಗೆ ಸೀರೆಯ ಗಂಟು ಗಾಯಕ್ಕೆ ಒತ್ತುತ್ತಿದ್ದುದರಿಂದ ಅವಳು ತೋಟಕ್ಕೆ ಹೋಗಿರಲಿಲ್ಲ. ಈಗ ಗಂಟೂ ಇಲ್ಲ, ನೋವೂ ಇಲ್ಲ. ಪೈಜಾಮದ ಮೇಲೆ ಭಾವನ ಹಳೇ ಶರ್ಟು ಹಾಕಿಕೊಂಡು ಸೊಪ್ಪು ಕುಯ್ಯಲು ಹೋದಳು. ಹೊರೆ ಎತ್ತುವಾಗ ಹೊಟ್ಟೆಯ ಹೊಲಿಗೆ ಬಿಚ್ಚಿತು.

“ನಾನೇನ್ ಕಳಿಸ್ನಿಲ್ಲ ಕಣವ್ವ, ಅವ್ಳೇ ಹೋದ್ಳು” ಎಂದರು ಭಾವ ಆಸ್ಪತ್ರೆಯಲ್ಲಿ.

“ಬ್ಯಾಡ ಅಂತಾನೂ ಅನ್ನಿಲ್ವಲ್ಲ ನೀವು!” ಮುಖಕ್ಕೆ ಹೊಡೆದಂತೆ ಹೇಳಿದೆ.

ಮಂಚದಿಂದ ಅಕ್ಕ, “ಬೈಬ್ಯಾಡ ಕಣೇ. ಪೈಜಾಮ ನೆನೆಸಿಡು, ಸೊಪ್ಪಿನ ಕರೆ ಹೋಗಕಿಲ್ಲ” ಎಂದಳು. ನಾನು ಬಕೆಟ್ಟಿನಲ್ಲಿ ಉಜ್ಜಿದ್ದು ಸೊಪ್ಪಿನ ಕರೆಯನ್ನಲ್ಲ.

ಡಿಸ್ಚಾರ್ಜ್ ಆದಮೇಲೆ ಅವಳನ್ನು ಊರಿಗೆ ಕಳಿಸದೆ ನನ್ನಲ್ಲಿಗೇ ಕರೆತಂದೆ. ಅಂಗಡಿ ಹಿಂದಿನ ಕೋಣೆಯೇ ನನ್ನ ಮನೆ. ಅಲ್ಲಿ ಹುಳುವಿಲ್ಲ, ಹಸುವಿಲ್ಲ, ನಾದಿನಿ ಓರಗಿತ್ತಿಯರಿಲ್ಲ. ಮಧ್ಯಾಹ್ನ ಷಟರ್ ಎಳೆದೆ. ಮೆಷೀನಿನ ಪಕ್ಕದಲ್ಲೇ ಫ್ಯಾನಿನ ಕೆಳಗೆ ಚಾಪೆ ಹಾಸಿದೆ. ಅಕ್ಕ ಗೋಡೆಯ ಚಿತ್ರವನ್ನು ತುಸು ಹೊತ್ತು ನೋಡಿದಳು. ಆಮೇಲೆ ಹಾಗೇ ತಲೆಯಡಿ ಕೈಯಿಟ್ಟು ಮಲಗಿದಳು. ಸದ್ಯ ನಿದ್ದೆ ಹತ್ತಿತು ಎಂದು ನಾನು ಮೆಷೀನು ತುಳಿಯದೆ ಕೂತೆ.

ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಯಾರಾರ ಬಂದ್ರೆ ನನ್ನ ಎಬ್ಬಿಸ್ಬುಡು.”