ಕೊನೆಯ ಸಾಲಿನ ಹೆಸರುಗಳು

ಭಾನುವಾರ, ಮಧ್ಯಾಹ್ನ ಮೂರು ಗಂಟೆ, ನಿಪ್ಪಾಣಿ. ನಾವು ಕಲಿಸುತ್ತಿದ್ದ ಶಾಲೆಯಲ್ಲಿ ನಾವೆಲ್ಲ ಅಕ್ಕೋರು ಎನ್ನುತ್ತಿದ್ದ ಶಿಕ್ಷಕಿಯ ಸಂತಾಪ ಸಭೆ. ಹಳೆಯ ಶಿಕ್ಷಕರು ನಾಲ್ವರು, ಈಗಿನವರು ಆರು ಜನ. ಪಕ್ಕದ ವಖಾರಿಯ ಗೋದಾಮಿನಿಂದ ತಂಬಾಕಿನ ಘಾಟು ಬಂದು ನನಗೆ ಸೀನು ಬಂತು. ಅದರ ಹಿಂದೆಯೇ ನೆನಪೂ...

ಎಂಬತ್ತರ ದಶಕದಲ್ಲಿ ನಾನು ಏಳನೆಯ ತರಗತಿಗೆ ಗಣಿತ ಕಲಿಸುತ್ತಿದ್ದೆ. ಅಕ್ಕೋರದು ಆರನೆಯ ತರಗತಿ. ಎರಡಕ್ಕೂ ಒಂದೇ ಹಾಲ್, ನಡುವೆ ಬಿದಿರಿನ ತಟ್ಟಿ. ನನ್ನ ಪಾಠ ಅವರಿಗೆ ದಿನವೂ ಕೇಳುತ್ತಿತ್ತು.

ವಖಾರಿಯಲ್ಲಿ ತಂಬಾಕು ಜರಡಿ ಹಿಡಿಯುವ ತಾಯಂದಿರ ಮಕ್ಕಳು, ಐದಾರು ಹುಡುಗಿಯರು, ನನ್ನ ತರಗತಿಯಲ್ಲಿದ್ದರು. ಅವರ ಬಟ್ಟೆಯ ಘಾಟು ನನಗೆ ಆಗುತ್ತಿರಲಿಲ್ಲ. ಬದಿಯ ಕಿಟಕಿಯಿಂದ ಗಾಳಿ ಆಡಲಿ ಎಂದು ಅವರನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದೆ. ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಒಂದು ದಿನ ಶಾಲೆ ಬಿಟ್ಟ ಮೇಲೆ ಅಕ್ಕೋರು ಬಂದು ನಿಂತರು.

“ಸಿಟ್ಟಾಗಬ್ಯಾಡ್ರಿ ಸರ್. ಹದಿನೈದು ದಿವಸಾತು, ಕೇಳಾಕತ್ತೇನಿ. ಕಡೀ ಸಾಲಿನ ಹುಡಿಗ್ಯಾರ ಹೆಸರ ನೀವು ಹಾಜರಿ ಹೇಳೂವಾಗಷ್ಟ ತಗೀತೀರಿ. ಲೆಕ್ಕ ಕೇಳೂವಾಗ ಒಮ್ಮೆನೂ ಇಲ್ರಿ.”

ನಾನು ಯಾರಿಗೂ ಭೇದ ಮಾಡುವವನಲ್ಲ ಎಂದೆ, ತುಸು ಜೋರಾಗಿಯೇ.

“ಬೇಕಂತ ಮಾಡತೀರಿ ಅಂತ ನಾನೂ ಅನ್ನಂಗಿಲ್ರಿ. ಮಾಡಾಕತ್ತೀರಿ, ಅಷ್ಟ.”

ಎರಡು ದಿನ ಅವರೊಡನೆ ಮಾತು ಬಿಟ್ಟೆ. ಮೂರನೆಯ ದಿನ ಹಾಜರಿ ಪುಸ್ತಕದ ಹೆಸರುಗಳನ್ನು ಕೆಳಗಿನಿಂದ ಕೂಗುತ್ತ ಲೆಕ್ಕ ಕೇಳಿದೆ. ಕೊನೆಯ ಸಾಲಿನ ಒಬ್ಬಳು ಎದ್ದಳು. ತನ್ನದೇ ಹೆಸರಿನವಳು ಇನ್ನೊಬ್ಬಳಿದ್ದಾಳೇನೋ ಎಂಬಂತೆ ಹಿಂದೆ ತಿರುಗಿ ನೋಡಿದಳು... ಅವಳ ಹಿಂದೆ ಗೋಡೆ ಮಾತ್ರ ಇತ್ತು.

ಏಳನೆಯ ತರಗತಿಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆಗೆ ಆಗ ಎರಡೇ ತಿಂಗಳು. ಪಾಸಾಗದಿದ್ದರೆ ಆ ಹುಡುಗಿಯನ್ನು ತನ್ನ ಜೊತೆ ವಖಾರಿ ಕೆಲಸಕ್ಕೆ ಹಚ್ಚುವುದಾಗಿ ತಾಯಿ ಹೇಳಿದ್ದಳು. ದಿನವೂ ಒಂದು ತಾಸು ಮೊದಲು ಬಂದು ಅಕ್ಕೋರೂ ನಾನೂ ಆ ಸಾಲಿನವರಿಗೆ ಕಲಿಸಿದೆವು. ಉಳಿದವರು ಹೇಗೋ ದಾಟಿದರು. ಅವಳು ಗಣಿತವೊಂದರಲ್ಲಿ ಫೇಲಾದಳು.

ಮುಂದಿನ ವರ್ಷ ನಾನು ಮಕ್ಕಳ ಸಾಲುಗಳನ್ನು ವಾರಕ್ಕೊಮ್ಮೆ ಬದಲಿಸತೊಡಗಿದಾಗ ಅಕ್ಕೋರು ತಟ್ಟಿಯ ಅಂಚಿನಿಂದ ಒಮ್ಮೆ ಇಣುಕಿ ನೋಡಿದರು, ಅಷ್ಟೆ.

ಸಭೆಯಲ್ಲಿ ಎಲ್ಲರೂ ಅವರ ಸರಳತೆಯನ್ನು ಹೊಗಳಿದರು. ನಾನು ಇದನ್ನು ಹೇಳಿ ಕುಳಿತೆ. ಈಗಿನ ಶಿಕ್ಷಕಿಯೊಬ್ಬಳು ಕೇಳಿದಳು: “ಆ ಹುಡಿಗಿ ಮುಂದ ಏನಾದಳ್ರಿ ಸರ್?”

ನನಗೆ ಗೊತ್ತಿರಲಿಲ್ಲ. ಅಕ್ಕೋರಿಗೆ ಗೊತ್ತಿತ್ತು, ಅವಳ ಮನೆಗೆ ಅವರು ವರ್ಷವೂ ಹೋಗಿ ಬರುತ್ತಿದ್ದರು. ನಾನು ಒಮ್ಮೆಯೂ ವಿಚಾರಿಸಲಿಲ್ಲ. ಈಗ ಕೇಳೋಣವೆಂದರೆ ಅವರೂ ಇಲ್ಲ...

ಐದು ಗಂಟೆಗೆ ಕುರ್ಚಿಗಳನ್ನು ಒಳಗಿಟ್ಟು ಬಾಗಿಲು ಹಾಕಿದೆವು.