ಮಡುವಿನ ಉರುಳೆಗೆ ಓಗೊಟ್ಟ ಪೀರಮ್ಮ

ನಮ್ಮ ಅತ್ತೆ ಪೀರಮ್ಮನ ಕೈಯಲ್ಲಿ ಬಳೆ ಇರಲಿಲ್ಲ. ವಿಧವೆಗೆ ಎಲ್ಲಿಯ ಬಳೆ? ಆದರೆ ಬಲಗೈಯ ಮಣಿಕಟ್ಟಿನಿಂದ ಮೊಳಕೈವರೆಗೆ ಬಳೆ ತೊಟ್ಟ ಹಾಗೆ ಕಪ್ಪು ಗೆರೆಗಳಿದ್ದವು. ಎಲ್ಲವೂ ಹಗ್ಗದ ಗುರುತುಗಳು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅವನ್ನು ನೋಡಿ ಹೆದರಿದ್ದೆ.

ನಮ್ಮ ಊರು ಕೋಸಗಿಯಿಂದ ಬಡಗಲಿಗೆ, ತುಂಗಭದ್ರೆಯ ದಂಡೆಗೆ. ಆಚೆ ದಂಡೆ ಆಗ ನಿಜಾಮರ ಸೀಮೆ. ಬೇರೆ ಊರುಗಳಲ್ಲಿ ಹರಿಗೋಲಿನಲ್ಲಿ ದಾಟುತ್ತಿದ್ದರು, ನಮ್ಮಲ್ಲಿ ಮಾತ್ರ ಹಲಗೆಯ ದೊಡ್ಡ ದೋಣಿ. ಅದು ನಮ್ಮ ಮನೆಯದೇ. ನಡುಹೊಳೆಯಲ್ಲಿ ಸೆಳವು ಹೆಚ್ಚಾದರೆ ಲಂಗರು ಎಸೆಯಬೇಕು. ದೋಣಿಯ ಮೂತಿಯಲ್ಲಿ ಅಡ್ಡಲಾಗಿ ಒಂದು ಮರದ ಉರುಳೆ ಇತ್ತು. ಲಂಗರಿನ ಹಗ್ಗವನ್ನು ಅದಕ್ಕೆ ಮೂರು ಸುತ್ತು ಹಾಕಿ, ಒಬ್ಬ ಗೂಟ ಕೊಟ್ಟು ಉರುಳೆ ತಿರುಗಿಸುತ್ತಿದ್ದ, ಇನ್ನೊಬ್ಬ ಹಗ್ಗದ ಬಾಲವನ್ನು ಬಿಗಿ ಹಿಡಿದು ಎಳೆದುಕೊಳ್ಳುತ್ತಿದ್ದ. ಹಾಗೆ ಮಾಡಿದರೆ ದೋಣಿ ಲಂಗರಿನ ಕಡೆಗೆ ಮೊಳ ಮೊಳವಾಗಿ ಏರುತ್ತದೆ. ಏರದಿದ್ದರೆ ಕೆಳಗೆ ಬಂಡೆಗಳು, ಬಂಡೆಗಳ ನಡುವೆ ಮಡು. ಆ ಮಡುವಿನೊಳಗೆ ನನ್ನ ಮಾವ ಭೀಮಲಿಂಗಪ್ಪ ಹಳೆಯ ದೋಣಿಯ ಸಮೇತ ಹೋಗಿದ್ದರು. ಹೆಣ ಸಿಗಲಿಲ್ಲ. ದೋಣಿಯ ಒಂದು ಹಲಗೆ ಕೂಡ ತೇಲಲಿಲ್ಲ.

ನಾನು ಬಂದ ವರ್ಷ ಮುಂಗಾರಿಗೆ ಮೊದಲು ಒಂದು ಸಂಜೆ, ಇನ್ನೂ ಬಿಸಿಲಿತ್ತು, ಕೊಡ ತೊಳೆಯುತ್ತಿದ್ದೆ. ನಮ್ಮ ದೋಣಿ ದಂಡೆಯ ಮೇಲೆ ಬೋರಲು ಬಿದ್ದಿತ್ತು. ಗಾಳಿ ಇರಲಿಲ್ಲ. ಮಡುವಿನ ಕಡೆಯಿಂದ ಕಿರ್ರ್ ಎಂದಿತು. ನಿಂತಿತು. ಮತ್ತೆ ಕಿರ್ರ್.

"ಅತ್ತಿ, ಅದೇನು ಸಪ್ಪಳರಿ?"

"ನಿಮ್ಮ ಮಾವ ಉರುಳಿ ತಿರುವಾಕತ್ತಾರ," ಎಂದಳು, ಮಾವ ಎಮ್ಮೆ ಕಟ್ಟುತ್ತಿದ್ದಾರೆ ಎನ್ನುವ ಹಾಗೆ. "ಹಗ್ಗ ಬರವಲ್ದು ಅವರಿಗೆ." ಆಮೇಲೆ ನೀರಿನ ಕಡೆ ತಿರುಗಿ ಕೂಗಿದಳು: "ತಡೀರಿ, ಬಂದೆ!"

ನನ್ನ ಕೈಯ ಕೊಡ ಜಾರಿತು.

ಮಡುವಿನ ಉರುಳೆ ಕೇಳಿಸಿದ ವರ್ಷ ಹೊಳೆ ಒಬ್ಬರನ್ನು ಒಯ್ಯುತ್ತದೆ ಎಂದು ಊರಲ್ಲಿ ಮಾತಿತ್ತು. ಹೊಳೆಯ ಮೇಲೆ ದಿನವೂ ಇರುವವರು ಯಾರು? ನನ್ನ ಗಂಡ ನರಸಪ್ಪ, ಅತ್ತೆಗೆ ಉಳಿದ ಒಬ್ಬನೇ ಮಗ. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಅತ್ತೆ ಮಾತ್ರ ಹೊಸ ಹಗ್ಗ ತರಬೇಕೆಂದು ಹಟ ಹಿಡಿದಳು.

ಎಮ್ಮಿಗನೂರು ಸಂತೆಗೆ ನನ್ನನ್ನೂ ಕರೆದೊಯ್ದಳು. ಯುದ್ಧದ ಕಾಲ, ತೆಂಗಿನ ನಾರಿನ ಹಗ್ಗ ಬರುವುದು ನಿಂತಿತ್ತು. ಹಗ್ಗ ಮಾರುವ ದಸ್ತಗಿರಿ ಸಾಬ ಆಕೆಯನ್ನು ದೂರದಿಂದಲೇ ಕಂಡು ಹಣೆ ಬಡಿದುಕೊಂಡ.

"ಬಂದಳಪ್ಪೋ ತಾಯಿ! ಅಮ್ಮಾ, ಮಗಳಿಗೆ ಗಂಡು ಹುಡುಕೋರು ಸೈತ ಇಷ್ಟು ನೋಡಂಗಿಲ್ಲ."

"ಗಂಡು ಕೆಟ್ಟರ ತವರುಮನಿ ಐತಿ. ನಡುಹೊಳಿಯಾಗ ಹಗ್ಗ ಕೆಟ್ಟರ ಯಾರ ಮನಿಗೆ ಹೋಗೋದು? ತಗಿ, ತಗಿ."

ನೂಲಿನ ಹಗ್ಗ ತೆಗೆದ. ಬೆಳ್ಳಗೆ, ಮೆತ್ತಗೆ, ನನಗೆ ಅದೇ ಚೆಂದ ಕಂಡಿತು. ಅತ್ತೆ ಅದನ್ನು ನೀರಲ್ಲಿ ಅದ್ದಿ ಬಲಗೈಗೆ ಮೂರು ಸುತ್ತು ಹಾಕಿಕೊಂಡು, ಬಾಲವನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು "ಎಳಿ" ಎಂದಳು. ನಾನು ಎಳೆದೆ. ಹಗ್ಗ ಕಚ್ಚಿತು. ಆದರೆ ಆಕೆ ಬಾಲ ಬಿಟ್ಟ ಮೇಲೂ ನೀರು ಕುಡಿದ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಬಿಡಲಿಲ್ಲ. ಕತ್ತಾಳೆಯ ಹಗ್ಗ ಹಿಡಿಯಲೇ ಇಲ್ಲ, ಚರ್ಮ ತರಚಿ ಜಾರಿತು. ಕೊನೆಗೆ ಪುಂಡಿ ನಾರಿನದು, ಮೂರೆಳೆಯ ಗಟ್ಟಿ ಹುರಿ, ಹೆಬ್ಬೆರಳಿನಷ್ಟು ದಪ್ಪ. ನಾನು ಕಾಲು ಊರಿ ಎಳೆದರೂ ಅಲ್ಲಾಡಲಿಲ್ಲ. ಆಕೆ ಬೆರಳು ಸಡಿಲಿಸಿದ ಕೂಡಲೇ ಸರ್ರನೆ ಬಿಚ್ಚಿಕೊಂಡಿತು. ಕೈ ಮೇಲೆ ಮೂರು ಕೆಂಪು ಬಳೆ ಮೂಡಿದ್ದವು.

"ಹಿಡಿ ಅಂದಾಗ ಹಿಡೀಬೇಕು, ಬಿಡು ಅಂದಾಗ ಬಿಡಬೇಕು. ಇದ ನೋಡವ್ವ ಹಗ್ಗ," ಎಂದಳು.

ಹಗ್ಗ ಊರಿಗೆ ಬಂದಾಗ ನಡೆದದ್ದು ಬೇರೆ. ನಮ್ಮ ಕಡೆ ರೈತರು ಎತ್ತುಗಳಿಂದ ನೀರೆಳೆಸುವ ಕಪಿಲೆ ಬಾವಿಯ ಹೊಸ ಹಗ್ಗಕ್ಕೆ ಹರಳೆಣ್ಣೆ ಕುಡಿಸುತ್ತಾರೆ. ಊರಿಗೆ ಹೊಸ ಹಗ್ಗ ಬಂದರೆ ಮನೆಗೊಂದು ಬಟ್ಟಲು ಎಣ್ಣೆ ತಂದು ಸವರುವುದು ಮರ್ಯಾದೆ. ದೋಣಿಯ ಹಗ್ಗಕ್ಕೂ ಹಾಗೆಯೇ ಕಟ್ಟೆಯ ಮೇಲೆ ಹಾಸಿ, ಕುಂಕುಮ ಇಟ್ಟು, ಎಲ್ಲರೂ ಬಂದರು.

"ಬಾವಿ ಹಗ್ಗ ಜಾರಬೇಕು, ದೋಣಿ ಹಗ್ಗ ಕಚ್ಚಬೇಕು," ಎಂದು ಅತ್ತೆ ಅಡ್ಡ ನಿಂತಳು. "ನಮ್ಮ ಮನಿಯವರ ಹಗ್ಗಕ್ಕೂ ಹಿಂಗ ಎಣ್ಣಿ ಕುಡಿಸಿದ್ರಿ."

"ಅವ್ವಾ, ಸುಮ್ಮನಿರು. ಊರ ಮಂದಿ ಪ್ರೀತಿಲೆ ತಂದದ್ದು, ಬ್ಯಾಡ ಅನ್ನಾಕ ಆಗ್ತೈತೇನು?" ಎಂದರು ನನ್ನ ಯಜಮಾನರು.

ಅತ್ತೆ ಹಗ್ಗದ ಬಾಲದ ಕಡೆಯ ಒಂದಷ್ಟು ಮಾರನ್ನು ಸುರುಳಿ ಮಾಡಿ, ಅದರ ಮೇಲೆ ಕೂತುಬಿಟ್ಟಳು. ಎಣ್ಣೆ ಬಟ್ಟಲು ಹತ್ತಿರ ಬಂದರೆ ಬೈದಳು. ಮುಗಿಯುವವರೆಗೂ ಏಳಲಿಲ್ಲ.

"ಏನವ್ವ ಪೀರಮ್ಮ, ಹಗ್ಗಕ್ಕ ಕಾವು ಕೊಡಾಕತ್ತೀಯೇನು? ಮರಿ ಯಾವಾಗ?" ಎಂದ ಉಚ್ಚೀರಪ್ಪ. ದೋಣಿಯಲ್ಲಿ ಉರುಳೆ ತಿರುಗಿಸುವವನು ಅವನೇ.

"ನೀನು ಸಾಯೋ ಹೊತ್ತಿಗೆ ಒಡೀತೈತಿ, ಆಗ ನೋಡುವಂತಿ."

ಎಲ್ಲರೂ ನಕ್ಕರು. ಅದೇ ಸಂಜೆ ಮಡುವಿನಲ್ಲಿ ಉರುಳೆ ಮತ್ತೆ ಕಿರುಗುಟ್ಟಿತು. ಆಗ ಯಾರೂ ನಗಲಿಲ್ಲ.

ಹೊಳೆ ಬಂದದ್ದು ಮುಂಗಾರು ಹಿಡಿದ ಮೇಲೆ, ಒಂದು ಮಧ್ಯಾಹ್ನ. ನಮ್ಮಲ್ಲಿ ಒಂದು ಹನಿ ಇಲ್ಲ, ಮೇಲೆಲ್ಲೋ ಮಳೆ. ದೋಣಿ ಆಚೆ ದಂಡೆಯಿಂದ ಕಳೆ ತೆಗೆದು ಬರುವ ಹೆಂಗಸರನ್ನು ಹತ್ತಿಸಿಕೊಂಡು ನಡುಹೊಳೆಯಲ್ಲಿತ್ತು. ನೀರು ನೋಡನೋಡುತ್ತ ಕೆಂಪಾಯಿತು. ಯಜಮಾನರು ಲಂಗರು ಎಸೆದು ಹಗ್ಗದ ಬಾಲ ಹಿಡಿದರು. ಉಚ್ಚೀರಪ್ಪ ಗೂಟಕ್ಕೆ ಎದೆ ಕೊಟ್ಟ. ಉರುಳೆ ತಿರುಗಿತು. ಹಗ್ಗ ಬರಲಿಲ್ಲ. ಎಣ್ಣೆ ಕುಡಿದ ಹಗ್ಗ ಉರುಳೆಯ ಮೇಲೆ ಸದ್ದಿಲ್ಲದೆ ಜಾರುತ್ತಿತ್ತು. ಅವನು ಈಚೆಗೆ ತಿರುಗಿಸಿದಷ್ಟೂ ಅದು ಆಚೆಗೆ ಹೋಗುತ್ತಿತ್ತು. ದೋಣಿ ಹಿಂದುಹಿಂದಕ್ಕೆ ಮಡುವಿನ ಕಡೆ ಸರಿಯತೊಡಗಿತು. ಹೆಂಗಸರು ಚೀರುತ್ತಿದ್ದರು. ನಾನು ದಂಡೆಯಂಚಿಗೆ ಓಡಿದೆ.

ಅತ್ತೆ ಮಂಡಿಯವರೆಗೆ ನೀರಿಗಿಳಿದಿದ್ದಳು. ದೋಣಿಯ ಕಡೆ ನೋಡಲೇ ಇಲ್ಲ, ಮಡುವನ್ನು ನೋಡುತ್ತಿದ್ದಳು.

"ಹಿಡೀರಿ!" ಎಂದು ಕೂಗಿದಳು. "ನಿಮ್ಮ ಮಗ ಅದಾನ, ಹಿಡೀರಿ!"

ಹಗ್ಗ ಜಾರುತ್ತ ಜಾರುತ್ತ ಎಣ್ಣೆಯ ಭಾಗ ಮುಗಿದಿರಬೇಕು. ಆಕೆ ಕಾವು ಕೊಟ್ಟ ಒಣ ಬಾಲ ಉರುಳೆಗೆ ಬಂತು. ಕಿರ್ರ್! ಅದೇ ಸಪ್ಪಳ. ಮಡುವಿನಿಂದ ಬರುತ್ತಿದ್ದುದು ಈಗ ನಮ್ಮ ದೋಣಿಯಿಂದ ಬಂತು. ಹಗ್ಗ ಕಚ್ಚಿ ದೋಣಿ ನಿಂತಿತು. ಊರಿನ ಮುದಿ ಬೆಸ್ತರು ಮೀನು ಹಿಡಿಯುವ ಹರಿಗೋಲು ಇಳಿಸಿ ಹೆಂಗಸರನ್ನೆಲ್ಲ ದಂಡೆಗೆ ತಂದರು. ಕಡೆಗೆ ಯಜಮಾನರು ಬಂದರು, ಕೈಯ ತೊಗಲು ಸುಲಿದಿತ್ತು.

"ಉಚ್ಚೀರಾ, ನೀ ಹಿಂದಿನಿಂದ ನನ್ನ ಹೆಗಲು ಹಿಡೀದ ಹೋಗಿದ್ದರ ಬಾಲ ಕೈ ಬಿಟ್ಟೇ ಹೋಗ್ತಿತ್ತಲೇ," ಎಂದರು.

ಉಚ್ಚೀರಪ್ಪನ ಮುಖ ಬಿಳಿಚಿತು. "ನಾ ಗೂಟ ಬಿಟ್ಟು ಯಾವಾಗ ಬಂದೆನೋ?"

ಯಜಮಾನರ ಬರಿ ಮೈಯ ಎಡ ಹೆಗಲ ಮೇಲೆ ಎಣ್ಣೆಯ ಅಂಗೈ ಗುರುತಿತ್ತು. ಅತ್ತೆ ಬಗ್ಗಿ ಮೂಸಿದಳು. ಮಗನಿಗೆ ಅಂದು ಮೈಗೆ ನೀರು ಹಾಕಿಕೊಳ್ಳಲು ಬಿಡಲಿಲ್ಲ.

ದೋಣಿಯಲ್ಲಿದ್ದ ಹೆಂಗಸರಲ್ಲಿ ಯಾರೋ ಹಿಡಿದಿರಬಹುದು, ಎಣ್ಣೆ ಹಗ್ಗದ್ದೇ ಇರಬಹುದು. ನಾನು ಇಲ್ಲ ಎನ್ನುವುದಿಲ್ಲ.

ಮಡುವಿನ ಉರುಳೆ ಆಮೇಲೆ ಕೇಳಿಸಲಿಲ್ಲ. ಊರು ನೆಮ್ಮದಿಯಾಯಿತು, ನಾನೂ ಉಂಡು ಮಲಗಿದೆ. ಅತ್ತೆಗೆ ಮಾತ್ರ ನೆಮ್ಮದಿ ಹೋಯಿತು. ಸಂಜೆಯಾದರೆ ದಂಡೆಗೆ ಹೋಗಿ ಕಿವಿ ಕೊಟ್ಟು ಕೂಡುತ್ತಿದ್ದಳು. "ಬಂದೆ" ಎನ್ನಲು ಅಲ್ಲಿ ಕರೆಯುವವರೇ ಇರಲಿಲ್ಲ. ಒಂದು ಸಂಜೆ ನಾನೇ ಕರೆಯಲು ಹೋದೆ. ಹಗ್ಗದ ತುಂಡನ್ನು ಕೈಗೆ ಮೂರು ಸುತ್ತು ಹಾಕಿಕೊಂಡು ಕೂತಿದ್ದಳು.

"ಎಳಿಯವ್ವ," ಎಂದಳು.

ಮೆಲ್ಲಗೆ ಎಳೆದೆ. ಆಕೆ ಬಾಲವನ್ನು ಹಿಡಿದಿರಲಿಲ್ಲ. ಹಗ್ಗ ಸರ್ರನೆ ಬಿಚ್ಚಿ ನನ್ನ ಕೈಗೆ ಬಂತು.

"ನಾನ ಅಂದಿದ್ದೆ, ಮಗನ್ನ ಹಿಡೀರಿ ಅಂತ," ಎಂದಳು. "ಅವರು ಅವನ್ನ ಹಿಡಿದರು. ನನ್ನ ಬಿಟ್ಟರು."