ದೇವರ ಫೋನ್ ನಂಬರು

ಕೊಳ್ಳೇಗಾಲದ ನಮ್ಮ ಪಾತ್ರೆ ಅಂಗಡಿಯಲ್ಲಿ ಬೆಳಗಿನ ಬೋಣಿಯಾದ ಕೂಡಲೇ ಹತ್ತು ರೂಪಾಯಿ ನಮ್ಮದಾಗಿ ಉಳಿಯುವುದಿಲ್ಲ. ಅದು ಹುಲಿಯ ಮೇಲೆ ಕೂತ ಬೆಟ್ಟದ ಮಾದಪ್ಪನದು. ಅವನ ಹೆಸರಿಗೆ ಜಮಾ ಬರೆದು, ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗಿ ಹುಂಡಿಗೆ ಹಾಕಿ ಬರುವುದು ನಮ್ಮಪ್ಪನ ಕಾಲದ ಪದ್ಧತಿ. ನಾನೂ ನಿಷ್ಠೆಯಿಂದ ಬರೆದೆ, ಹಾಕಿದೆ. ದೇವರಾಗಲಿ ನಾನಾಗಲಿ ರಸೀದಿಯ ಮಾತೆತ್ತಲಿಲ್ಲ.

ಈ ಸುಭಿಕ್ಷ ರಾಜ್ಯಕ್ಕೆ ಕಂಪ್ಯೂಟರನ್ನು ಕರೆತಂದವಳು ಸೊಸೆ ಶೋಭಾ. ಯಳಂದೂರಿನಲ್ಲಿ ಸ್ವಂತದ್ದೊಂದು ಅಂಗಡಿ ತೆರೆಯಬೇಕೆಂಬುದು ಅವಳ ಬಹುದಿನದ ಆಸೆ. ಅದಕ್ಕೆ ಬ್ಯಾಂಕಿನ ಸಾಲ ಬೇಕು. ಸಾಲಕ್ಕೆ ಕಂಪ್ಯೂಟರಿನಿಂದ ಹೊರಬಂದ ಲೆಕ್ಕವೇ ಬೇಕು. ನನ್ನ ಕೆಂಪು ಬಟ್ಟೆಯ ಕಿರ್ದಿ ಪುಸ್ತಕವನ್ನು ಬ್ಯಾಂಕಿನವರು ತಾಮ್ರಶಾಸನ ನೋಡುವಂತೆ ನೋಡಿ, ಗೌರವದಿಂದಲೇ ವಾಪಸು ಕೊಟ್ಟಿದ್ದರು.

ಶೋಭಾ ಒಂದೊಂದೇ ಖಾತೆಯನ್ನು ಕಂಪ್ಯೂಟರಿಗೆ ಏರಿಸುತ್ತ ಬಂದು ಮಾದಪ್ಪನ ಬಳಿ ನಿಂತಳು.

"ಮಾವ, ಫೋನ್ ನಂಬರ್ ಕೇಳ್ತಾ ಅದೆ. ಕೊಡ್ದೆ ಇದ್ರೆ ಮುಂದಕ್ಕೇ ಓಗಲ್ಲ."

"ನಂದೇ ಆಕವ್ವ. ಅವನೇನ್ ಬ್ಯಾರೆಯೋನಾ?"

ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಫೋನಿಗೆ ಸಂದೇಶ: ಮಾನ್ಯ ಮಾದಪ್ಪನವರೇ, ನಿಮ್ಮ ಖಾತೆಗೆ ಹತ್ತು ರೂಪಾಯಿ ಜಮೆಯಾಗಿದೆ, ವ್ಯವಹಾರಕ್ಕೆ ಧನ್ಯವಾದಗಳು. ಮೊದಮೊದಲು ಮುಜುಗರವಾಯಿತು. ಆಮೇಲೆ ದೇವರ ಪರವಾಗಿ ಗಂಭೀರವಾಗಿ ತಲೆದೂಗುವುದು ಅಭ್ಯಾಸವಾಯಿತು. ಇಂಥ ಪದವಿಗೆ ಮನುಷ್ಯ ಬಲು ಬೇಗ ಒಗ್ಗಿಕೊಳ್ಳುತ್ತಾನೆ.

ನಾನೂ ಶೋಭಾಳೂ ಬ್ಯಾಂಕಿಗೆ ಹೋದಾಗ, ಲೆಕ್ಕದ ಹಾಳೆ ತಿರುವಿದ ಮ್ಯಾನೇಜರ್ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಎಲ್ಲರಿಗೂ ತೀರಿಸಿದ್ದೀರಿ. ಈ ಮಾದಪ್ಪನವರಿಗೆ ಮಾತ್ರ ವರ್ಷದಿಂದ ಬಾಕಿ. ಯಾರಿವರು?" ಎಂದವರೇ, ಉತ್ತರಕ್ಕೂ ಕಾಯದೆ ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು.

ನನ್ನ ಅಂಗಿಯ ಜೇಬು ರಿಂಗಾಯಿತು.

ಮ್ಯಾನೇಜರ್ ಹಾಳೆ ಮಡಚಿದರು. ಸುಳ್ಳು ಲೆಕ್ಕವೆಂದು ಅವರಿಗೆ ಖಾತ್ರಿಯಾದಂತಿತ್ತು. ಶೋಭಾಳ ಕಣ್ಣಲ್ಲಿ ಯಳಂದೂರಿನ ಅಂಗಡಿ ಬಾಗಿಲೆಳೆದುಕೊಳ್ಳುತ್ತಿತ್ತು.

"ಬೆಟ್ಟದ ಮಾದಪ್ಪ ಸಾ," ಎಂದೆ. "ಅಲ್ಲೇ ಉಲಿ ಮ್ಯಾಲೆ ಕುಂತವ್ನೆ. ಫೋನ್ ಮಾತ್ರ ನನ್ತಾವ ಬುಟ್ಟವ್ನೆ."

ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಮೊದಲು ಅವರ ಬಾಕಿ ತೀರಿಸಿ ಬನ್ನಿ," ಎಂದರು. "ಅವರನ್ನು ಕಾಯಿಸಿ ನಾನು ಸಾಲ ಕೊಡಲಾರೆ."

ಮರುದಿನವೇ ಬೆಟ್ಟದ ಬಸ್ಸು ಹತ್ತಿದೆವು.

ಈಗ ಯಳಂದೂರಿನ ಹೊಸ ಅಂಗಡಿಯಲ್ಲೂ ದಿನಾ ಹತ್ತು ರೂಪಾಯಿ ಜಮೆಯಾಗುತ್ತದೆ. ಅಲ್ಲಿನ ಮಾದಪ್ಪನಿಗೆ ಶೋಭಾಳ ನಂಬರು. ಬೆಳಿಗ್ಗೆ ನಾನಿನ್ನೂ ಊದುಬತ್ತಿ ಹಚ್ಚುತ್ತಿರುವಾಗಲೇ ಅವಳ ಫೋನು ಬರುತ್ತದೆ: "ಮಾವ, ನಮ್ ಮಾದಪ್ಪಂಗೆ ಬೋಣಿ ಆಯ್ತು. ನಿಮ್ಮೋನ್ಗೆ?"

ದೇವನೊಬ್ಬನೇ ಎಂದು ನಂಬಿ ಬೆಳೆದವನು ನಾನು. ಈ ವಯಸ್ಸಿನಲ್ಲಿ ಅವನ ಯಳಂದೂರು ಶಾಖೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತ, ಗಿರಾಕಿಯ ದಾರಿ ಕಾಯುತ್ತಿದ್ದೇನೆ.